ಎಣ್ಣೆ ಕಾಯುವಷ್ಟು ದೂರ

ಒಂದು ಡಬ್ಬಿ ಎಣ್ಣೆ ಆರಿಸಲು ನನಗೆ ಮೂರು ವಾರ ಹಿಡಿಯಿತು. ಗಂಡನನ್ನು ಆರಿಸಲು ಇಷ್ಟು ಹಿಡಿದಿರಲಿಲ್ಲ. ಆಗ ನನ್ನ ಮುಂದೆ ಇದ್ದದ್ದು ಒಂದೇ ಫೋಟೊ, ಒಂದೇ ಭಾನುವಾರ. ಎಣ್ಣೆ ಅಂಗಡಿಯಲ್ಲಾದರೋ ನೆಲದಿಂದ ಸೂರಿನವರೆಗೆ ಡಬ್ಬಿಗಳು, ಒಂದೊಂದರ ಮೇಲೂ ಒಂದೊಂದು ಅಂಕಿ, ಒಂದೊಂದೂ ತಾನೇ ಸರಿ ಎನ್ನುವ ಮುಖ.

ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುವುದಕ್ಕೆ ಕಾರಣವಿದೆ. ಎಣ್ಣೆ ನನ್ನ ಕಸುಬು. ಸ್ವೀಡನ್ನಿನ ಎಸ್ಕಿಲ್‌ಸ್ಟುನಾದಲ್ಲಿ ಮಣ್ಣು ಅಗೆಯುವ, ಬಂಡೆ ಹೊರುವ ಯಂತ್ರಗಳನ್ನು ತಯಾರಿಸುವ ಕಾರ್ಖಾನೆಯೊಂದರಲ್ಲಿ ನಾನು ಇಂಜಿನಿಯರ್. ಯಂತ್ರದ ತೋಳು ಮೇಲೇಳಬೇಕಾದರೆ ಅದರೊಳಗೆ ಎಣ್ಣೆ ಯಾವ ಒತ್ತಡದಲ್ಲಿ, ಎಷ್ಟು ವೇಗದಲ್ಲಿ ಹರಿಯಬೇಕು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಎಣ್ಣೆಯ ಬಗ್ಗೆ ಉದ್ದುದ್ದ ವರದಿಗಳನ್ನು ಬರೆದಿದ್ದೇನೆ, ಬಣ್ಣಬಣ್ಣದ ಗ್ರಾಫ್ ತೋರಿಸಿ ಸಭೆಗಳಲ್ಲಿ ತಲೆದೂಗಿಸಿಕೊಂಡಿದ್ದೇನೆ. ಆದರೆ ಆ ಅಕ್ಟೋಬರಿನವರೆಗೆ ನನ್ನ ಬೆರಳಿಗೆ ಹತ್ತಿದ ಎಣ್ಣೆಯೆಂದರೆ ಒಗ್ಗರಣೆಯದು ಮಾತ್ರ.

ಈ ಎಣ್ಣೆಯ ಪ್ರಸಂಗಕ್ಕೆ ಕಾರಣರಾದವರು ನಮ್ಮ ಪಕ್ಕದ ಮನೆಯ ಗುನ್ನೆಲ್. ವಯಸ್ಸು ಎಪ್ಪತ್ತೊಂಬತ್ತು. ಮೂವತ್ತು ವರ್ಷ ಸುತ್ತಲಿನ ಹಳ್ಳಿಗಳಿಗೆ ನರ್ಸ್ ಆಗಿ ಓಡಾಡಿದವರು. ಕಾಡಿನ ನಡುವಿನ ಒಂಟಿ ಮನೆಗಳಿಗೆ ಹೋಗಿ ಗಾಯ ಕಟ್ಟಿ, ಸೂಜಿ ಚುಚ್ಚಿ, ಹಟಮಾರಿ ಮುದುಕರಿಗೆ ಮಾತ್ರೆ ನುಂಗಿಸಿ ಬರುತ್ತಿದ್ದವರು. ಕೊನೆಯ ಹದಿನೈದು ವರ್ಷ ಅವರನ್ನು ಹೊತ್ತು ತಿರುಗಿದ್ದು ನೀಲಿ ಬಣ್ಣದ, ಇಟ್ಟಿಗೆಯಷ್ಟೇ ಚೌಕಾಕಾರದ ಒಂದು ಹಳೆಯ ಕಾರು. ಅದರ ಎಣ್ಣೆ ಬದಲಿಸುವುದರಿಂದ ಹಿಡಿದು ಕ್ಲಚ್ ಕೇಬಲ್ ಹಾಕುವವರೆಗೆ ಎಲ್ಲವನ್ನೂ ಅವರೇ ಮಾಡಿಕೊಂಡವರು.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಸ್ವೀಡಿಷ್ ಭಾಷೆಯಲ್ಲಿ ಪ್ರಧಾನಿಗೂ ಪಕ್ಕದ ಮನೆಯ ಬೆಕ್ಕಿಗೂ ಒಂದೇ ಸರ್ವನಾಮ, 'ದು'. ನಾನು ಗುನ್ನೆಲ್ ಅವರಿಗೆ ಬಾಯಲ್ಲಿ 'ದು' ಎಂದರೂ ಮನಸ್ಸಿನಲ್ಲಿ 'ನೀವು' ಎಂದೇ ಅಂದುಕೊಳ್ಳುತ್ತೇನೆ. ಅವರು ನನಗೆ 'ದು' ಎಂದರೆ ನನ್ನ ಕಿವಿಗೆ ಅದು ಸರಿಯಾಗಿ 'ನೀನು' ಎಂದೇ ಬೀಳುತ್ತದೆ. ನಮ್ಮ ಮಾತುಗಳನ್ನು ಇಲ್ಲಿ ಹಾಗೆಯೇ ಬರೆಯುತ್ತೇನೆ, ಸ್ವೀಡಿಷರು ಕ್ಷಮಿಸಬೇಕು.

ಈ ದೇಶಕ್ಕೆ ಬಂದು ಒಂದು ವರ್ಷವಾದ ಮೇಲೆ ನಮ್ಮೂರಿನ ಡ್ರೈವಿಂಗ್ ಲೈಸೆನ್ಸ್ ಇಲ್ಲಿ ನಡೆಯುವುದಿಲ್ಲ. ಮತ್ತೆ ಮೊದಲಿನಿಂದ ಕಲಿಯಬೇಕು, ಪರೀಕ್ಷೆ ಬರೆಯಬೇಕು. ಗದಗಿನಲ್ಲಿ ಎತ್ತಿನ ಗಾಡಿ, ಟಂಟಂ, ಮದುವೆ ಮೆರವಣಿಗೆಗಳ ನಡುವೆ ಸ್ಕೂಟರ್ ನುಗ್ಗಿಸಿದ್ದ ನಾನು ಇಲ್ಲಿ ಎರಡು ಸಲ ಫೇಲಾದೆ. ಆಗ ಗುನ್ನೆಲ್ ಬೇಲಿಯಾಚೆಯಿಂದ, "ನನ್ನ ಕಾರಿನಲ್ಲಿ ಕಲಿ, ನಾನು ಪಕ್ಕದಲ್ಲಿ ಕೂರುತ್ತೇನೆ" ಎಂದರು. ಪಕ್ಕದಲ್ಲಿ ಕೂರುವವರೂ ಒಂದು ತರಗತಿಗೆ ಹಾಜರಾಗಬೇಕೆಂಬ ನಿಯಮವಿದೆ. ಐವತ್ತು ವರ್ಷ ಕಾರು ಓಡಿಸಿದ ಆ ಹೆಂಗಸು ನನಗಾಗಿ ಆ ತರಗತಿಯಲ್ಲಿ ಮೂರು ಗಂಟೆ ಕುಳಿತು ಟಿಪ್ಪಣಿ ಬರೆದುಕೊಂಡರು. ಮೂರನೆಯ ಸಲ ನಾನು ಪಾಸಾದೆ.

ಅದಾಗಿ ಎರಡು ವರ್ಷಕ್ಕೆ ಅವರ ಕಣ್ಣು ಕೈಕೊಟ್ಟಿತು. ನೋಟದ ನಡುಭಾಗ ಮಸುಕಾಗಿ ಅಂಚು ಮಾತ್ರ ಉಳಿಯುವ ಕಾಯಿಲೆ. ಕಾರು ಓಡಿಸಕೂಡದು ಎಂದು ವೈದ್ಯರು ಹೇಳಿದ ಮರುದಿನ ಅವರು ನಮ್ಮ ಮನೆಗೆ ಬಂದು ಊಟದ ಮೇಜಿನ ಮೇಲೆ ಕಾರಿನ ಕೀಲಿ ಇಟ್ಟರು.

"ಬೇಸಿಗೆಯಲ್ಲಿ ಓಡಿಸು. ಚಳಿಗಾಲದಲ್ಲಿ ಓಡಿಸಬೇಡ. ರಸ್ತೆಗೆ ಉಪ್ಪು ಹಾಕುತ್ತಾರೆ, ಅದು ತಗಡನ್ನು ತಿಂದುಬಿಡುತ್ತದೆ. ಹಿಮ ಬೀಳುವ ಮೊದಲು ಎಣ್ಣೆ ಬದಲಿಸಿ ನನ್ನ ಗ್ಯಾರೇಜಿನಲ್ಲಿ ನಿಲ್ಲಿಸು."

"ಯಾವ ಎಣ್ಣೆ ಹಾಕಬೇಕು?"

"ಅದು ನಿನಗೆ ಬಿಟ್ಟದ್ದು. ನಾನು ಹೇಳಿದರೆ ನೀನು ಪ್ರತಿ ವರ್ಷ ನನ್ನನ್ನೇ ಕೇಳುತ್ತೀಯ. ನಾನು ಪ್ರತಿ ವರ್ಷ ಇರುವುದಿಲ್ಲ."

ಇಷ್ಟು ನೇರವಾಗಿ ಮಾತಾಡುವವರಿಗೆ ಎದುರು ಹೇಳುವುದು ಹೇಗೆ? ಬೇಸಿಗೆಯೆಲ್ಲ ನಾನು ಆ ಕಾರಿನಲ್ಲಿ ಓಡಾಡಿದೆ. ಅಕ್ಟೋಬರ್ ಬಂತು, ಬರ್ಚ್ ಮರಗಳು ಹಳದಿಯಾದವು, ಎಣ್ಣೆಯ ಪ್ರಶ್ನೆ ಎದುರಿಗೆ ಬಂದು ನಿಂತಿತು. ಕಾರ್ಖಾನೆಯಲ್ಲಿ ನನ್ನ ಹೆಸರು ಕೇಳಿದರೆ 'ಎಣ್ಣೆಯ ಶಾಹೀನ್' ಎನ್ನುತ್ತಾರೆ. ಇದನ್ನು ನಾನೇ ಮಾಡುತ್ತೇನೆ, ಸರಿಯಾಗಿ ಮಾಡುತ್ತೇನೆ ಎಂದು ಹಟ ಹಿಡಿದೆ.

ಹಟ ಹಿಡಿದವರು ಮೊದಲು ಮಾಡುವ ಕೆಲಸ ನಾಲ್ಕು ಜನರನ್ನು ಕೇಳುವುದು. ನಾನು ಮೊದಲು ಫೋನಿನಲ್ಲಿ ಕೇಳಿದ್ದು ಅಬ್ಬಾರನ್ನು. ಅವರು ಗದಗಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ನಮ್ಮ ಮನೆಮಾತು ಉರ್ದು. ಆದರೆ ಗಾಡಿಯ ವಿಷಯ ಬಂದರೆ ಅಬ್ಬಾ ತಾವಾಗಿಯೇ ಕನ್ನಡಕ್ಕೆ ಹೊರಳುತ್ತಾರೆ. ನಟ್ಟು ಬೋಲ್ಟುಗಳಿಗೆ ಉರ್ದು ತಿಳಿಯುವುದಿಲ್ಲ ಎಂಬುದು ಅವರ ನಂಬಿಕೆ.

"ದಪ್ಪಂದ ಹಾಕು ಬೇಟಾ," ಎಂದರು. "ತೆಳ್ಳಂದ ಹಾಕಿದ್ರ ನಾಕ್ ತಿಂಗಳದಾಗ ಎಲ್ಲಾ ಜಾರಿ ಕೆಳಗ ಬಂದ್ ಕುಂದರ್ತೈತಿ. ಮ್ಯಾಲಿನ ಸಾಮಾನೆಲ್ಲಾ ಒಣಗ್ತಾವ."

"ಅಬ್ಬಾ, ಇಲ್ಲೆ ಮೈನಸ್ ಇಪ್ಪತ್ತಕ್ಕ ಹೋಗ್ತೈತಿ. ದಪ್ಪ ಎಣ್ಣಿ ಕಲ್ಲಾಗ್ತದ."

"ಗಾಡಿ ನಿಲ್ಲಸಾಕತ್ತೀ ಅಲ್ಲೇನು? ಓಡಸಂಗಿಲ್ಲ ಅಲ್ಲೇನು? ಮತ್ತ ಕಲ್ಲಾದ್ರ ಏನಾತು?"

ಮರುದಿನ ಕಾರ್ಖಾನೆಯ ಫಿಕಾ ಹೊತ್ತಿನಲ್ಲಿ, ಎಲ್ಲರೂ ಕಾಫಿ ಹಿಡಿದು ದಾಲ್ಚಿನ್ನಿ ಬನ್ ಮುರಿಯುತ್ತಿದ್ದಾಗ, ಪ್ರಯೋಗಾಲಯದ ಯೋಹಾನ್‌ನನ್ನು ಕೇಳಿದೆ. ಅವನು ತಕ್ಷಣ ಅತಿ ತೆಳುವಾದ ಸಿಂಥೆಟಿಕ್ ಎಣ್ಣೆಯ ಹೆಸರು ಹೇಳಿ, ಮೈನಸ್ ಮೂವತ್ತರಲ್ಲೂ ಅದು ಹೇಗೆ ಹರಿಯುತ್ತದೆಂದು ಕಾಗದದ ಕರವಸ್ತ್ರದ ಮೇಲೆ ಗ್ರಾಫ್ ಬರೆದ. ಆಮೇಲೆ ಕಾರು ಎಷ್ಟು ಹಳೆಯದು ಎಂದು ಕೇಳಿದ. ಅದು ಅವನಿಗಿಂತ ನಾಲ್ಕು ವರ್ಷ ದೊಡ್ಡದು ಎಂದು ತಿಳಿದಾಗ ಗ್ರಾಫನ್ನು ಮಡಿಸಿ ಜೇಬಿಗೆ ಹಾಕಿಕೊಂಡ. "ಹಳೆಯ ರಬ್ಬರ್ ಸೀಲುಗಳು ಸೋರಬಹುದು. ಯಾವುದಕ್ಕೂ ಬೇರೆ ಯಾರನ್ನಾದರೂ ಕೇಳು."

ಅಂತರ್ಜಾಲದಲ್ಲಿ ಈ 'ಬೇರೆ ಯಾರಾದರೂ' ಬಹಳ ಜನ ಇದ್ದರು. ಎಣ್ಣೆಯನ್ನು ಶರತ್ಕಾಲದಲ್ಲಿ ಬದಲಿಸಬೇಕು ಎನ್ನುವವರದೊಂದು ಪಂಗಡ, ಹೊಸ ಎಣ್ಣೆ ನಿಂತಲ್ಲೇ ಹಳಸುತ್ತದೆ, ವಸಂತದಲ್ಲೇ ಬದಲಿಸಬೇಕು ಎನ್ನುವವರದು ಇನ್ನೊಂದು. ನಮ್ಮಲ್ಲಿ ಮತಧರ್ಮಗಳ ವಿಷಯಕ್ಕೂ ಜನ ಇಷ್ಟು ಕಟುವಾಗಿ ಬರೆಯುವುದಿಲ್ಲ ಎನ್ನಲಾರೆ, ಆದರೆ ಈ ಜಗಳ ಅದರ ಹತ್ತಿರ ಹತ್ತಿರ ಬರುತ್ತದೆ. ಇದನ್ನೆಲ್ಲ ಓದುತ್ತ ಕೂತಿದ್ದ ನನ್ನನ್ನು ನೋಡಿ ನನ್ನ ಗಂಡ ಇಮ್ತಿಯಾಜ್, ಹುಟ್ಟಾ ಬೆಂಗಳೂರಿನವರು, ಒಂದೇ ಮಾತಿನಲ್ಲಿ ಮುಗಿಸಿದರು.

"ಗ್ಯಾರೇಜ್‌ಗೆ ಕೊಟ್ಬಿಡು ಶಾಹೀನ್. ಸುಮ್ನೆ ಯಾಕ್ ಟೆನ್ಶನ್? ಅವ್ರೇ ಯಾವ್ದೋ ಒಂದ್ ಹಾಕ್ತಾರೆ."

ಆ 'ಯಾವ್ದೋ ಒಂದ್' ನನ್ನನ್ನು ಚುಚ್ಚಿತು. ಅಂದೇ ಕಾಗದ ತೆಗೆದುಕೊಂಡು ಕುಳಿತೆ. ಡಬ್ಬಿಯ ಮೇಲಿನ ಅಂಕಿಗಳಲ್ಲಿ ಡಬ್ಲ್ಯೂ ಎಂಬ ಅಕ್ಷರವಿರುತ್ತದಲ್ಲ, ಅದು ತೂಕದ ಡಬ್ಲ್ಯೂ ಎಂದು ಬಹಳ ಜನ ತಿಳಿದಿದ್ದಾರೆ. ಅದು 'ವಿಂಟರ್', ಅಂದರೆ ಚಳಿಗಾಲದ ಡಬ್ಲ್ಯೂ. ಅದರ ಹಿಂದಿನ ಅಂಕಿ ಎಣ್ಣೆ ಚಳಿಯಲ್ಲಿ ಎಷ್ಟು ಸಲೀಸಾಗಿ ಹರಿಯುತ್ತದೆ ಎನ್ನುವುದನ್ನೂ ಮುಂದಿನದು ಬಿಸಿಯಲ್ಲಿ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎನ್ನುವುದನ್ನೂ ಹೇಳುತ್ತದೆ. ಆದರೆ ನಿಂತ ಇಂಜಿನ್ನಿನಲ್ಲಿ ಹರಿಯುವ ಪ್ರಶ್ನೆಯೇ ಇಲ್ಲ, ಬಿಸಿಯ ಪ್ರಶ್ನೆಯೂ ಇಲ್ಲ. ಅಲ್ಲಿ ಎಣ್ಣೆಯ ಕೆಲಸ ಸುಮ್ಮನೆ ಲೋಹಕ್ಕೆ ಅಂಟಿಕೊಂಡು ಕಾವಲು ಕೂರುವುದು. ಬೇಸಿಗೆಯೆಲ್ಲ ದುಡಿದ ಎಣ್ಣೆಯಲ್ಲಿ ಹುಳಿಯೂ ನೀರೂ ಸೇರಿರುತ್ತವೆ. ಅಂಥದ್ದನ್ನು ಚಳಿಗಾಲವೆಲ್ಲ ಒಳಗೆ ಬಿಟ್ಟರೆ ಕಾವಲುಗಾರನೇ ಮನೆ ಕೊರೆಯುತ್ತಾನೆ. ಹಾಗಾದರೆ ಅಂಕಿಗಿಂತ ಮುಖ್ಯ ತಾಜಾತನ. ಕಾರು ತಯಾರಿಸಿದವರ ಕೈಪಿಡಿಯಲ್ಲಿ ಹೇಳಿದ ಹತ್ತು-ನಲವತ್ತೇ ಸಾಕು, ಮತ್ತು ಈಗಲೇ ಹಾಕಬೇಕು. ಮೂರು ವಾರದ ಸಂಶೋಧನೆ ನನ್ನನ್ನು ಕಾರಿನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಮೊದಲ ದಿನದಿಂದಲೂ ಬಿದ್ದಿದ್ದ ಪುಸ್ತಕಕ್ಕೆ ತಂದು ನಿಲ್ಲಿಸಿತ್ತು. ಹೋಗಿ ಡಬ್ಬಿ ಕೊಂಡು ತಂದೆ.

ನವೆಂಬರಿನ ಮೊದಲ ಶನಿವಾರ. ಭಾನುವಾರದಿಂದ ಹಿಮ, ಶನಿವಾರ ರಾತ್ರಿಯೇ ರಸ್ತೆಗಳಿಗೆ ಉಪ್ಪು ಎಂದು ಮುನ್ಸೂಚನೆ ಬಂದಿತ್ತು. ಬೆಳಿಗ್ಗೆ ಹನ್ನೊಂದಕ್ಕೆ ಗುನ್ನೆಲ್ ಅವರ ಗ್ಯಾರೇಜಿಗೆ ಹೋದೆ. ಅದರ ನೆಲದಲ್ಲಿ ಒಬ್ಬರು ಇಳಿದು ನಿಲ್ಲುವಷ್ಟು ಗುಂಡಿಯಿದೆ, ಗಾಡಿಯ ಅಡಿಯಲ್ಲಿ ಕೆಲಸ ಮಾಡಲು. ಗುನ್ನೆಲ್ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು, ಕಾಲಿಗೆ ಕಂಬಳಿ ಸುತ್ತಿ ಕುಳಿತಿದ್ದರು. ಫೋನಿನಲ್ಲಿ ಅಬ್ಬಾ ವಿಡಿಯೊ ಕರೆಯಲ್ಲಿದ್ದರು. ನಾನು ಬಾನೆಟ್ ಎತ್ತಿ ಎಣ್ಣೆ ಹಾಕುವ ಮುಚ್ಚಳ ತಿರುಗಿಸಿ ತೆಗೆದೆ.

ಮುಚ್ಚಳದ ಒಳಮೈಯಲ್ಲಿ ಹಳದಿ ಬಿಳುಪಿನ ಲೋಳೆ. ಮಜ್ಜಿಗೆ ಕಡೆದಾಗ ಮೇಲೆ ತೇಲುವ ಬೆಣ್ಣೆಯ ಹಾಗೆ.

"ಹೆಡ್ ಗ್ಯಾಸ್ಕೆಟ್ ಹೋಗೇತಿ," ಎಂದರು ಅಬ್ಬಾ, ಗದಗಿನಿಂದ. ಅವರ ದನಿ ಇಳಿದುಹೋಗಿತ್ತು. "ಇಂಜಿನ್ನಿನಾಗ ನೀರ್ ಹೊಕ್ಕೈತಿ ಬೇಟಾ. ಇಳಸಬೇಕಾಗ್ತದ."

ಇಂಜಿನ್ ಇಳಿಸುವುದೆಂದರೆ ಈ ವಯಸ್ಸಿನ ಕಾರಿಗೆ ಸಾವೇ. ಹದಿನೈದು ವರ್ಷ ಕಾಡಿನ ರಸ್ತೆಗಳಲ್ಲಿ ಒಂದು ದಿನವೂ ಕೈಬಿಡದ ಕಾರನ್ನು ನಾನು ಒಂದೇ ಬೇಸಿಗೆಯಲ್ಲಿ ಕೊಂದಿದ್ದೆ. ಇದನ್ನು ಗುನ್ನೆಲ್ ಅವರಿಗೆ ಹೇಗೆ ಹೇಳಲಿ ಎಂದು ಮುಚ್ಚಳ ಹಿಡಿದು ನಿಂತೆ. ಅವರಿಗೆ ಕಾಣುವುದಿಲ್ಲ, ಒರೆಸಿ ಮುಚ್ಚಿಬಿಡಬಹುದು ಎಂಬ ಯೋಚನೆ ಬಂದದ್ದು ನಿಜ. ಅದನ್ನು ಕೂಡ ಬರೆದಿಡಬೇಕು.

"ಏನು ಸುಮ್ಮನಾದೆ?" ಎಂದರು ಗುನ್ನೆಲ್. ನಾನು ಮುಚ್ಚಳವನ್ನು ಅವರ ಕೈಗೆ ಕೊಟ್ಟೆ. ಅವರು ಲೋಳೆಯನ್ನು ಬೆರಳುಗಳ ನಡುವೆ ಉಜ್ಜಿದರು, ಮೂಸಿದರು, ನರ್ಸಿನ ದನಿಯಲ್ಲಿ ಕೇಳಲು ಶುರುಮಾಡಿದರು.

"ರೇಡಿಯೇಟರಿನ ನೀರು ಕಡಿಮೆಯಾಗಿದೆಯೆ?"

ನೋಡಿದೆ. ಇರಲಿಲ್ಲ.

"ಹೊಗೆ ಬೆಳ್ಳಗೆ, ದಟ್ಟವಾಗಿ ಬರುತ್ತಿತ್ತೆ?"

"ಇಲ್ಲ."

"ಈ ಬೇಸಿಗೆ ಎಲ್ಲೆಲ್ಲಿ ಹೋದೆ?"

"ಅಂಗಡಿಗೆ. ಮಗಳ ಈಜಿನ ತರಗತಿಗೆ. ಲೈಬ್ರರಿಗೆ."

"ಅದೆಲ್ಲ ಎರಡು ಕಿಲೋಮೀಟರ್. ದೂರ ಎಲ್ಲಿಗೆ ಹೋದೆ?"

ಅಬ್ಬಾ ಕೂಡ, ಭಾಷೆ ತಿಳಿಯದಿದ್ದರೂ, ಏನೋ ನಡೆಯುತ್ತಿದೆ ಎಂದು ಫೋನಿಗೆ ಮುಖ ಹತ್ತಿರ ತಂದರು. ಕೊನೆಗೆ ಹೇಳಿಬಿಟ್ಟೆ. ನಾನು ಎರಡು ಸಲ ಫೇಲಾದದ್ದು ಒಂದೇ ಜಾಗದಲ್ಲಿ, ಹೆದ್ದಾರಿಗೆ ಸೇರುವ ಇಳಿಜಾರಿನಲ್ಲಿ. ಎಲ್ಲರೂ ನೂರಹತ್ತರ ವೇಗದಲ್ಲಿ ಹೋಗುವ ಆ ಸಾಲಿನೊಳಗೆ ನುಗ್ಗುವ ಬದಲು ಎರಡೂ ಸಲ ಬ್ರೇಕ್ ಒತ್ತಿ ನಿಂತುಬಿಟ್ಟಿದ್ದೆ. ಮೂರನೆಯ ಸಲ ಪರೀಕ್ಷಕರು ನನ್ನನ್ನು ಹೆದ್ದಾರಿಗೆ ಕರೆದೊಯ್ಯಲೇ ಇಲ್ಲ, ಅದಕ್ಕೇ ಪಾಸಾದೆ. ಅಂದಿನಿಂದ ಇಂದಿನವರೆಗೆ ಹೆದ್ದಾರಿ ಮುಟ್ಟಿಲ್ಲ. ಯಾರಾದರೂ ಕೇಳಿದರೆ "ಹಳೇ ಕಾರು, ಪಾಪ" ಎನ್ನುತ್ತಿದ್ದೆ.

ಗುನ್ನೆಲ್ ನಗಲಿಲ್ಲ, ಬೈಯಲೂ ಇಲ್ಲ. "ಹಾಗಾದರೆ ಕಾರಿಗೆ ಏನೂ ಆಗಿಲ್ಲ," ಎಂದರು. "ಇಂಜಿನ್ ಉರಿದಾಗ ನೀರಿನ ಆವಿ ಆಗುತ್ತದೆ. ಚೆನ್ನಾಗಿ ಕಾದರೆ ಅದು ಹೊರಗೆ ಹೋಗುತ್ತದೆ. ನೀನು ಎಂದೂ ಕಾಯಲು ಬಿಟ್ಟಿಲ್ಲ, ಅದು ಒಳಗೇ ನಿಂತು ಎಣ್ಣೆಯೊಂದಿಗೆ ಕಲಸಿಕೊಂಡಿದೆ. ಎಣ್ಣೆ ತಣ್ಣಗಿರುವಾಗ ಇಳಿಸಿದರೆ ಅರ್ಧ ಕೊಳೆ ಒಳಗೇ ಉಳಿಯುತ್ತದೆ. ಮೊದಲು ಅರ್ಧ ಗಂಟೆ ಜೋರಾಗಿ ಓಡಿಸಬೇಕು. ಪಕ್ಕದ ಊರು ಸ್ಟ್ರೆಂಗ್ನೆಸ್‌ಗೆ ಹೋಗಿ ಬರೋಣ. ಹೆದ್ದಾರಿಯಲ್ಲಿ."

"ಇಮ್ತಿಯಾಜ್‌ಗೆ ಹೇಳಲೆ? ಅವರು ಓಡಿಸುತ್ತಾರೆ."

"ಹೇಳಬಹುದು. ಆಗ ಎಣ್ಣೆ ಕಾಯುತ್ತದೆ. ನೀನು ಇಲ್ಲೇ ಇರುತ್ತೀಯ."

ರಾತ್ರಿಗೆ ರಸ್ತೆಗೆ ಉಪ್ಪು ಬೀಳುತ್ತದೆ. ಮಧ್ಯಾಹ್ನ ಕಳೆದು ನಾಲ್ಕಕ್ಕೆ ಕತ್ತಲಾಗುತ್ತದೆ. ನಾನು ಕೈ ಒರೆಸಿಕೊಂಡು, ಮುಚ್ಚಳ ಹಾಕಿ, ಬಾನೆಟ್ ಇಳಿಸಿದೆ. ಅಬ್ಬಾಗೆ "ಗ್ಯಾಸ್ಕೆಟ್ ಸರಿ ಐತಿ, ಒಂದ್ ತಾಸಿನಾಗ ಬರ್ತೀನಿ" ಎಂದು ಹೇಳಿ ಫೋನ್ ಇಟ್ಟೆ. ಗುನ್ನೆಲ್ ಕಂಬಳಿ ಸಮೇತ ಪಕ್ಕದ ಸೀಟಿನಲ್ಲಿ ಕುಳಿತು ಬೆಲ್ಟ್ ಹಾಕಿಕೊಂಡರು.

ಊರು ದಾಟಿದೆವು. ಹೆದ್ದಾರಿಯ ಇಳಿಜಾರು ಕಂಡಾಗ ನನ್ನ ಬಲಗಾಲು ತಾನಾಗಿಯೇ ಬ್ರೇಕಿನ ಕಡೆ ಸರಿಯಿತು. ಇಂಜಿನ್ನಿನ ಸದ್ದು ಇಳಿದದ್ದನ್ನು ಅವರು ಕೇಳಿಸಿಕೊಂಡರು.

"ಕಾಲು ತೆಗೆಯಬೇಡ. ಮೂರನೇ ಗೇರಿನಲ್ಲೇ ಎಳೆ. ಕನ್ನಡಿಯಲ್ಲಿ ಏನು ಕಾಣುತ್ತದೆ?"

"ಲಾರಿ. ದೊಡ್ಡದು."

"ಎಷ್ಟು ದೂರ?"

"ದೂರ."

"ನನಗೆ ಕಾಣುವುದಿಲ್ಲ ಶಾಹೀನ್. ಸರಿಯಾಗಿ ಹೇಳು."

"ನಮ್ಮ ಮನೆಯಿಂದ ಬಸ್ ನಿಲ್ದಾಣದಷ್ಟು."

"ಅದು ಬೇಕಾದಷ್ಟಾಯಿತು. ಹೋಗು."

ನಾನು ಒತ್ತಿದೆ. ಆ ಹಳೆಯ ಇಂಜಿನ್ ಕೂಗಿತು, ನಾನು ಅದಕ್ಕಿಂತ ಜೋರಾಗಿ "ಯಾ ಅಲ್ಲಾ!" ಎಂದು ಕೂಗಿದೆ. ಇಂಡಿಕೇಟರ್ ಟಿಕ್ ಟಿಕ್ ಎನ್ನುತ್ತಿದ್ದಂತೆ ಬಿಳಿಯ ಗೆರೆ ನಮ್ಮ ಅಡಿಯಿಂದ ಓರೆಯಾಗಿ ಜಾರಿಹೋಯಿತು. ಅಷ್ಟೇ. ನಾವು ಸಾಲಿನೊಳಗಿದ್ದೆವು. ಲಾರಿ ಹಿಂದೆಯೇ ಇತ್ತು, ನಮ್ಮ ಮೇಲೆ ಅದಕ್ಕೆ ಯಾವ ಸಿಟ್ಟೂ ಇದ್ದಂತೆ ಕಾಣಲಿಲ್ಲ. ಎರಡು ವರ್ಷಕ್ಕೂ ಹೆಚ್ಚು ಕಾಲ ನಾನು ಹೆದರಿದ್ದ ಘಟನೆ ಆರು ಸೆಕೆಂಡಿನಲ್ಲಿ ಮುಗಿದಿತ್ತು. ಸ್ವಲ್ಪ ಅವಮಾನವೇ ಆಯಿತು.

"ಈಗ ನಾಲ್ಕನೇ ಗೇರ್," ಎಂದರು ಗುನ್ನೆಲ್. ಹತ್ತು ನಿಮಿಷಕ್ಕೆ ಬಿಸಿ ತೋರಿಸುವ ಮುಳ್ಳು ನಡುವಿಗೆ ಬಂತು. ಸಾಕಲ್ಲವೇ ಎಂದೆ. "ಅದು ನೀರಿನ ಬಿಸಿ. ಎಣ್ಣೆ ನಿಧಾನಸ್ಥ, ಅದಕ್ಕೆ ಎರಡರಷ್ಟು ಹೊತ್ತು ಬೇಕು. ಹೋಗುತ್ತಿರು." ಸ್ಟ್ರೆಂಗ್ನೆಸ್‌ನಲ್ಲಿ ತಿರುಗಿಸಿ ಮರಳಿ ಹೆದ್ದಾರಿಗೆ ಸೇರುವಾಗ ಅವರು ಕಣ್ಣು ಮುಚ್ಚಿ ತಲೆ ಹಿಂದಕ್ಕೆ ಒರಗಿಸಿದ್ದರು. ನಿದ್ದೆಯೋ ನಂಬಿಕೆಯೋ ಗೊತ್ತಿಲ್ಲ. ನನ್ನ ಪಾಲಿಗೆ ಎರಡೂ ಒಂದೇ.

ಮರಳಿ ಬಂದು ಗುಂಡಿಗೆ ಇಳಿದೆ. ಎಣ್ಣೆ ಇಳಿಸುವ ಬೋಲ್ಟ್ ಮೊದಲು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಕೆಳಗಿನಿಂದ ನೋಡುವಾಗ ಬಿಚ್ಚುವ ದಿಕ್ಕು ಯಾವುದೆಂದು ನನ್ನಂಥ ಇಂಜಿನಿಯರಿಗೂ ಒಂದು ಕ್ಷಣ ಗೊಂದಲವಾಯಿತು ಎಂದಷ್ಟೇ ಹೇಳುತ್ತೇನೆ. ಮತ್ತೆ ಕರೆಗೆ ಬಂದಿದ್ದ ಅಬ್ಬಾ, "ಆಕಡಿ ಅಲ್ಲಬೇ, ಈಕಡಿ!" ಎಂದು ಗದಗಿನಿಂದ ಕೈ ತಿರುಗಿಸಿ ತೋರಿಸಿದರು. ಬೋಲ್ಟ್ ಸಡಿಲವಾಯಿತು, ಬಿಸಿ ಡಿಕಾಕ್ಷನ್ ಹಾಗೆ ಕಪ್ಪು ಎಣ್ಣೆ ಬುಳಬುಳನೆ ತಟ್ಟೆಗೆ ಇಳಿಯಿತು, ಒಂದಿಷ್ಟು ನನ್ನ ಅಂಗಿಯ ತೋಳಿನೊಳಗೂ. ನಲವತ್ತು ವರ್ಷ ಇಂಥದೇ ಗುಂಡಿಗಳಲ್ಲಿ ನಿಂತು ದುಡಿದ ಮನುಷ್ಯ ತನ್ನ ಮಗಳನ್ನು ಗುಂಡಿಯಲ್ಲಿ ನೋಡಿ ಏನಂದುಕೊಂಡರೋ. "ನಿನ್ನ ಓದಿಸಿದ್ದು ಇದಕ್ಕೇನು?" ಎಂದರು, ಆದರೆ ಕರೆ ಮುಗಿಸದೆ ಕೊನೆಯ ಹನಿ ಇಳಿಯುವವರೆಗೂ ನೋಡುತ್ತಿದ್ದರು.

ಹೊಸ ಫಿಲ್ಟರ್ ಹಾಕಿ, ಹೊಸ ಎಣ್ಣೆ ಸುರಿದು, ಅದು ಮೂಲೆಮೂಲೆಗೂ ತಲುಪಲಿ ಎಂದು ಎರಡು ನಿಮಿಷ ಇಂಜಿನ್ ಓಡಿಸಿ ನಿಲ್ಲಿಸಿದೆ. ಬ್ಯಾಟರಿ ಬಿಚ್ಚಿ ಮನೆಗೆ ತಂದೆ. ತೆರಿಗೆ ಬೀಳದಿರಲೆಂದು, ಕಾರು ನಿಲುಗಡೆಯಲ್ಲಿದೆ ಎಂದು ಸರ್ಕಾರದ ವೆಬ್‌ಸೈಟಿನಲ್ಲಿ ನಮೂದಿಸಿದೆ. ರಾತ್ರಿ ಹಿಮ ಬಿತ್ತು.

ಜನವರಿಯಲ್ಲಿ ಇಮ್ತಿಯಾಜ್, "ವಾರಕ್ಕೊಂದ್ಸಲ ಸ್ಟಾರ್ಟ್ ಮಾಡಿ ಐದ್ ನಿಮ್ಷ ಬಿಡ್ಬೇಕಂತೆ ಕಣೇ, ಇಲ್ಲಾಂದ್ರೆ ಹಾಳಾಗುತ್ತಂತೆ" ಎಂದು ಎಲ್ಲಿಂದಲೋ ಕೇಳಿಕೊಂಡು ಬಂದರು. ನನಗೂ ಕೈ ಕಡಿಯುತ್ತಿತ್ತು. ಆದರೆ ಐದು ನಿಮಿಷದಲ್ಲಿ ಎಣ್ಣೆ ಕಾಯುವುದಿಲ್ಲ. ಮತ್ತೆ ಅದೇ ಆವಿ, ಅದೇ ಲೋಳೆ. ಅರೆಮನಸ್ಸಿನಿಂದ ಎಬ್ಬಿಸುವುದಕ್ಕಿಂತ ಪೂರ್ತಿ ಮಲಗಲು ಬಿಡುವುದು ಮೇಲು. ಮಗಳನ್ನು ರಜೆಯ ದಿನ ಎಬ್ಬಿಸುವ ವಿಷಯದಲ್ಲೂ ಇದೇ ನಿಯಮ ಎಂದು ಅವಳು ತಕ್ಷಣ ಸ್ವೀಡಿಷ್‌ನಲ್ಲಿ ವಾದ ಮಂಡಿಸಿದಳು. ಹತ್ತಿರ ಹತ್ತಿರ ಆರು ತಿಂಗಳು ನಾನು ಆ ಗ್ಯಾರೇಜಿನ ಬಾಗಿಲು ತೆರೆಯಲಿಲ್ಲ. ಏನೂ ಮಾಡದೆ ಇರುವುದಕ್ಕೆ ಇಷ್ಟೊಂದು ಗಟ್ಟಿ ಮನಸ್ಸು ಬೇಕೆಂದು ತಿಳಿದಿರಲಿಲ್ಲ.

ಏಪ್ರಿಲ್ ಕೊನೆಗೆ ಮಳೆ ಬಂದು ರಸ್ತೆಯ ಉಪ್ಪು ತೊಳೆದುಹೋಯಿತು. ಬ್ಯಾಟರಿ ಜೋಡಿಸಿ ಕೀಲಿ ತಿರುಗಿಸಿದೆ. ಒಂದು ಸಲ ನರಳಿತು, ಎರಡು ಸಲ ಕೆಮ್ಮಿತು, ಮೂರನೆಯ ಸಲಕ್ಕೆ ಎದ್ದಿತು. ಬಾಗಿಲಲ್ಲಿ ನಿಂತಿದ್ದ ಗುನ್ನೆಲ್ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ಆಲಿಸಿದರು. ಆಮೇಲೆ, ಚಳಿಗಾಲವೆಲ್ಲ ಯೋಚಿಸಿಟ್ಟುಕೊಂಡಿದ್ದವರ ಹಾಗೆ, "ಸ್ಯಾಂಡ್‌ವಿಕೆನ್‌ನಲ್ಲಿ ನನ್ನ ತಂಗಿ ಇದ್ದಾಳೆ," ಎಂದರು. "ನನಗೆ ಇನ್ನೂ ಸ್ವಲ್ಪ ಕಾಣುತ್ತಿರುವಾಗ ಅವಳ ಮುಖ ನೋಡಬೇಕು."

ರೈಲು ಇದೆ, ಎರಡು ಕಡೆ ಬದಲಿಸಬೇಕು, ಅವರಿಗೆ ಫಲಕ ಓದಲು ಆಗುವುದಿಲ್ಲ. ಕಾರಿನಲ್ಲಿ ಎರಡೂವರೆ ಗಂಟೆ. ಮುಂದಿನ ಶನಿವಾರವೇ ಹೊರಟೆವು.

ತಂಗಿಯ ಮನೆಯಲ್ಲಿ ಅಕ್ಕ ತಂಗಿಯರು ಬಾಗಿಲಲ್ಲೇ ಒಬ್ಬರ ಕೆನ್ನೆ ಒಬ್ಬರು ಹಿಡಿದುಕೊಂಡು ನಿಂತರು. ಗುನ್ನೆಲ್ ತಲೆಯನ್ನು ಅತ್ತ ಇತ್ತ ವಾಲಿಸುತ್ತ, ನೋಟದ ಅಂಚಿನಲ್ಲಿ ತಂಗಿಯ ಮುಖವನ್ನು ತುಂಡು ತುಂಡಾಗಿ ಹಿಡಿಯುತ್ತಿದ್ದರು. ನಾನು ಕಾರಿನಿಂದ ಚೀಲ ಇಳಿಸುವ ನೆಪ ಮಾಡಿಕೊಂಡು ಬಹಳ ಹೊತ್ತು ಡಿಕ್ಕಿಯೊಳಗೆ ತಲೆಯಿಟ್ಟು ನಿಂತೆ. ಕಾಫಿ ಮುಗಿಯುವ ಹೊತ್ತಿಗೆ ಅವರು ಒಂದು ವಾರ ಅಲ್ಲೇ ಇರುವುದೆಂದು ತೀರ್ಮಾನವಾಗಿತ್ತು. ನಾನು ಒಬ್ಬಳೇ ಹಿಂತಿರುಗಿದೆ.

ದಾರಿಯಲ್ಲಿ ಸಾಲಾ ಎಂಬ ಊರಿನ ಬಳಿ ಪೆಟ್ರೋಲ್ ಹಾಕಿಸಲು ನಿಲ್ಲಿಸಿ, ಬಾನೆಟ್ ಎತ್ತಿ, ಮುಚ್ಚಳ ತೆಗೆದು ನೋಡಿದೆ. ಒಳಮೈ ಸ್ವಚ್ಛವಾಗಿತ್ತು, ತೆಳುವಾದ ಚಿನ್ನದ ಬಣ್ಣದ ಎಣ್ಣೆ ಮಾತ್ರ. ಪಕ್ಕದ ಪಂಪಿನಲ್ಲಿ ಇಂಥದೇ ಹಳೆಯ ಕಾರೊಂದನ್ನು ನಿಲ್ಲಿಸಿಕೊಂಡಿದ್ದ ಒಬ್ಬ ಮನುಷ್ಯ ಹತ್ತಿರ ಬಂದು ಇಂಜಿನ್ನನ್ನು ಮೆಚ್ಚುಗೆಯಿಂದ ನೋಡಿದ. ತನ್ನದು ಈ ಸಲ ಚಳಿಗಾಲದಲ್ಲಿ ಬಹಳ ಕಾಟ ಕೊಟ್ಟಿತು ಎಂದ. ಆಮೇಲೆ ಕೇಳಿದ:

"ನೀವು ಯಾವ ಎಣ್ಣೆ ಹಾಕುತ್ತೀರಿ?"

ಮೂರು ವಾರದ ವಿದ್ಯೆಯೆಲ್ಲ ಒಮ್ಮೆಲೇ ನಾಲಿಗೆಗೆ ಬಂತು. ಅಂಕಿಗಳು, ಗ್ರಾಫುಗಳು, ದಪ್ಪ ತೆಳುಗಳ ವಾದ, ಪಂಗಡಗಳ ಜಗಳ. ಅರ್ಧ ಗಂಟೆಗೆ ಸಾಲುವಷ್ಟು ಮಾತಿತ್ತು. ಅದನ್ನೆಲ್ಲ ನುಂಗಿಕೊಂಡು ನಾನು ಕೇಳಿದೆ:

"ಅದಿರಲಿ. ನೀವು ಹೊರಟರೆ ಎಷ್ಟು ದೂರ ಹೋಗುತ್ತೀರಿ?"